ಗಾರ್ಡ್ ಕಾಕಾ ಹತ್ತಿದ ಹೆಲಿಕಾಪ್ಟರ್

ನಮ್ಮ ಗಲ್ಲಿಯಲ್ಲಿ ಗಾರ್ಡ್ ಕಾಕಾ ಕೈ ಎತ್ತದೆ ಯಾವ ಗಾಡಿಯೂ ಹೊರಡುತ್ತಿರಲಿಲ್ಲ. ಆಟೊ ಇರಲಿ, ಹಾಲಿನವನ ಮೋಟರ್ ಸೈಕಲ್ ಇರಲಿ, ಮದುಮಕ್ಕಳು ಕೂತ ಕಾರೇ ಇರಲಿ, ಅವರು ಕಟ್ಟೆಯಿಂದ ಇಳಿದು ಬಂದು ಗಾಡಿಯ ಹಿಂದೆ ನಿಲ್ಲುವರು. ಎಡಕ್ಕೊಮ್ಮೆ ಬಗ್ಗಿ ನೋಡುವರು, ಬಲಕ್ಕೊಮ್ಮೆ ಬಗ್ಗಿ ನೋಡುವರು. ಆಮೇಲೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತುವರು. ಮೊದಮೊದಲು ಆಟೊದವರು ನಗುತ್ತಿದ್ದರಂತೆ. ನಾನು ಈ ವಾಡಿ ಊರಿಗೆ ಬರುವ ಹೊತ್ತಿಗೆ ಅದು ರೂಢಿಯಾಗಿಹೋಗಿತ್ತು. ಎದುರುಮನೆಯ ಮುದುಕಿ ತೀರಿಕೊಂಡ ದಿನ ಶವದ ಗಾಡಿಯ ಡ್ರೈವರ್ ಕೂಡ ಇಂಜಿನ್ ಚಾಲೂ ಮಾಡಿ, ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಕೂತಿದ್ದ. ಅವರು ಕೈ ಎತ್ತಿದ ಮೇಲೆಯೇ ಅಳು ಜೋರಾಗಿ, ಗಾಡಿ ಮುಂದಕ್ಕೆ ಹೋಯಿತು.

ಅವರು ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಅವರಿಗೊಂದು ಹೆಸರಿತ್ತು, ಬಾಗಿಲ ಮೇಲೆ ಬರೆದೂ ಇತ್ತು, ಆದರೆ ಊರಿನಲ್ಲಿ ಅದನ್ನು ಓದಿದವರೇ ಇಲ್ಲ. ಎಲ್ಲರಿಗೂ ಅವರು ಗಾರ್ಡ್ ಸಾಹೇಬರು. ನಾನು ಪಿಯು ಕಾಲೇಜಿಗೆ ಮಾಸ್ತರನಾಗಿ ಬಂದು ಅವರ ಮನೆಯ ಮಾಳಿಗೆ ಬಾಡಿಗೆ ಹಿಡಿದ ಮೇಲೆ, ಕೆಲವು ತಿಂಗಳಲ್ಲೇ ಅವರು ನನಗೆ ಗಾರ್ಡ್ ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ಈಗ ಗಾರ್ಡುಗಳಿಗೆ ಟ್ರೇನ್ ಮ್ಯಾನೇಜರ್ ಅನ್ನುತ್ತಾರೆ ಎಂದು ನಾನೊಮ್ಮೆ ಪತ್ರಿಕೆ ನೋಡಿ ಹೇಳಿದಾಗ ಅವರು ಚಹದ ಬಟ್ಟಲು ಕೆಳಗಿಟ್ಟು, "ಪುಣ್ಯಾ ಮಾಡಿದ್ದೆ ನೋಡ್ರಿ ಮಾಸ್ತರ್, ಮೊದಲೇ ರಿಟೈರ್ ಆದೆ" ಅಂದರು.

ಸಿಮೆಂಟು, ಪರಸಿಕಲ್ಲು, ಕಲ್ಲಿದ್ದಲು ಹೊತ್ತ ಗಾಡಿಗಳ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಅವರು ತಮ್ಮ ನೌಕರಿಯನ್ನೆಲ್ಲ ಕಳೆದಿದ್ದರು. ಅಲ್ಲಿ ಕೂತವನಿಗೆ ಕಾಣುವುದು ಬರುವ ಊರಲ್ಲ, ಬಿಟ್ಟುಹೋದ ಊರು. ಶಹಾಬಾದ್ ಆಗಲಿ ಚಿತ್ತಾಪುರವಾಗಲಿ ಅವರ ಕಣ್ಣಿಗೆ ದೊಡ್ಡದಾಗಿ ಬಂದದ್ದೇ ಇಲ್ಲ, ಸಣ್ಣದಾಗುತ್ತ ಹೋದದ್ದೇ ಎಲ್ಲ. ಇದರಿಂದ ಅವರಿಗೊಂದು ವಿಚಿತ್ರ ತ್ರಾಸು ಅಂಟಿಕೊಂಡಿತ್ತು. ಮುಖ ಮುಂದೆ ಮಾಡಿ ಗಾಡಿಯಲ್ಲಿ ಕೂತರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಬಸ್ಸಿನಲ್ಲಿ ಹಿಂದಿನ ಗಾಜಿಗೆ ಮುಖ ಹಚ್ಚಿ ನಿಲ್ಲುವರು. ಆಟೊದಲ್ಲಿ ಸೀಟಿನ ಬೆನ್ನಿಗೆ ಸಾಮಾನು ಇಡುವ ಜಾಗದಲ್ಲಿ, ಹೊರಗೆ ಕಾಲು ಇಳಿಬಿಟ್ಟು ಕೂರುವರು. ಸಂತೆಗೆ ಶಹಾಬಾದಿಗೆ ಹೋದರೆ ಕಾಕು ಒಳಗಿನ ಸೀಟಿನಲ್ಲಿ, ಇವರು ಹಿಂದೆ. ಇಬ್ಬರೂ ಒಂದೇ ಆಟೊದಲ್ಲಿ ಹೋಗಿ ಬೇರೆ ಬೇರೆ ಊರು ನೋಡಿಕೊಂಡು ಬರುತ್ತಿದ್ದರು.

"ಒಂದಿನಾರ ಬಾಜೂಕ ಕುಂತೀರೇನ್ರಿ?" ಎಂದು ಕಾಕು ಕೇಳಿದ್ದನ್ನು ನಾನೇ ಕೇಳಿದ್ದೇನೆ.

"ಮುಂದಿಂದು ಡ್ರೈವರ್ ನೋಡ್ಕೋತಾನ. ಇಬ್ಬರೂ ಅದನ್ನೇ ನೋಡಿ ಏನ್ ಮಾಡೋದದ?" ಎಂಬುದು ಅವರ ಉತ್ತರ.

ಇಂಥವರ ಮನೆಗೆ ಹೆಲಿಕಾಪ್ಟರ್ ಬಂದದ್ದು ಒಂದು ಸೀರೆಯ ದೆಸೆಯಿಂದ. ಸೊಲ್ಲಾಪುರದಲ್ಲಿದ್ದ ಬಸುರಿ ಮಗಳ ಕುಪ್ಪಸದ ಕಾರ್ಯಕ್ಕೆಂದು ಕಾಕು ಸೇಡಂನ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತಂದಿದ್ದರು. ಅದರ ಜೊತೆ ಒಂದು ಲಕ್ಕಿ ಡ್ರಾ ಚೀಟಿ ಕೊಟ್ಟಿದ್ದರು. ಕಾರ್ಯ ಮುಗಿದು, ಮಗಳು ಹಡೆದು, ಕೂಸಿಗೆ ಹೆಸರಿಟ್ಟಾದ ಮೇಲೆ ಒಂದು ಮುಂಜಾನೆ ಅಂಗಡಿಯ ಸೇಠ್ ಫೋನ್ ಮಾಡಿದ.

"ಅಮ್ಮಾರ, ನಿಮಗ ಫಸ್ಟ್ ಪ್ರೈಜ್ ಹತ್ತ್ಯಾದ್ರಿ! ಹೆಲಿಕಾಪ್ಟರ್!"

ಕಾಕು ಅಂಗಳದತ್ತ ನೋಡಿ, "ಅದನ್ನ ಎಲ್ಲಿ ಇಟ್ಕೊಳ್ಳೋದ್ರಿ?" ಎಂದು ಕೇಳಿದರು.

ಇಟ್ಟುಕೊಳ್ಳುವುದಲ್ಲ, ಹತ್ತಿ ಸುತ್ತಿ ಇಳಿಯುವುದು ಎಂದು ಸೇಠ್ ಬಿಡಿಸಿ ಹೇಳಿದ. ಯಾವುದೋ ಖಾಸಗಿ ಕಂಪನಿಯವರು ಸೇಡಂನ ಮೈದಾನಕ್ಕೆ ಹೆಲಿಕಾಪ್ಟರ್ ತರಲಿದ್ದಾರೆ, ಊರನ್ನೂ ಕಾಗಿಣಾ ನದಿಯನ್ನೂ ಮಳಖೇಡದ ಕೋಟೆಯನ್ನೂ ಮೇಲಿನಿಂದ ತೋರಿಸುತ್ತಾರೆ, ಒಂದು ಕುಟುಂಬಕ್ಕೆ ಮೂರು ಸೀಟು ಎಂದ.

"ಚೀಟಿ ಮ್ಯಾಲಿನ ಮಿಕ್ಸರ್ ಎಷ್ಟನೇ ನಂಬರಿಂದು?" ಎಂದರು ಕಾಕು.

"ಅದು ಮೂರನೇದ್ರಿ."

"ಹಂಗಾರ ನಮಗ ಮೂರನೇದೇ ಕೊಡ್ರಿ. ನಮ್ಮನ್ಯಾಗಿಂದು ಸುಟ್ಟು ಹೋಗ್ಯಾದ."

ಈ ಮಾತುಕತೆ ಒಂದು ವಾರ ನಡೆಯಿತು. ಮಿಕ್ಸರ್ ಬಂದದ್ದು ಚಿತ್ತಾಪುರ ಕೋರ್ಟಿನ ಟೈಪಿಸ್ಟ್ ಒಬ್ಬನಿಗೆ. ಕಾಕು ಅವನ ನಂಬರು ಹುಡುಕಿ ಫೋನ್ ಮಾಡಿ, ಅದಲು ಬದಲು ಮಾಡಿಕೊಳ್ಳೋಣವೇ ಎಂದು ಕೇಳಿದರು. ಆತ ಬಹಳ ಮರ್ಯಾದೆಯಿಂದ, "ಅಕ್ಕಾರ, ನಂದು ಇನ್ನಾ ಲಗ್ನ ಆಗಿಲ್ರಿ" ಅಂದನಂತೆ. ಮದುವೆಯಾಗಲಿಕ್ಕೆ ಮಿಕ್ಸರ್ ಬೇಕು ಅಂತಲೋ, ಜೀವ ಬೇಕು ಅಂತಲೋ ಕಾಕುಗೆ ಕೊನೆತನಕ ತಿಳಿಯಲಿಲ್ಲ.

ಕಡೆಗೆ, ಬಂದದ್ದನ್ನು ಬಿಡಬಾರದು ಎಂದು ಅವರು ನಿರ್ಧರಿಸಿದರು. ಕಾಕಾ ಒಪ್ಪಲಿಲ್ಲ. ಹಿಂದೆ ಗಾರ್ಡ್ ಇಲ್ಲದ ಗಾಡಿಯನ್ನು ಹತ್ತುವುದಿಲ್ಲ ಎಂದರು. ನಾಲ್ಕು ದಿನ ಕಾಕು ಅವರೊಡನೆ ಮಾತಾಡಲಿಲ್ಲ. ರೊಟ್ಟಿ ಬಡಿಯುವ ಸಪ್ಪಳದಲ್ಲೇ ಸಿಟ್ಟು ಮಾಳಿಗೆಯವರೆಗೆ ಕೇಳುತ್ತಿತ್ತು. ಐದನೆಯ ದಿನ ಕಾಕಾ ಮೆಟ್ಟಿಲು ಹತ್ತಿ ಬಂದು, "ಮಾಸ್ತರ್, ಮೂರನೇ ಸೀಟು ನಿಮ್ದು" ಅಂದರು.

"ನನಗ್ಯಾಕ ಕಾಕಾ?"

ಕೆಳಗಿನಿಂದ ಕಾಕು ಕೂಗಿದರು. "ಮಗಳು ಬಾಣಂತಿ, ಬರಂಗಿಲ್ಲ. ಇವರು ಮ್ಯಾಲ ಹೋಗಿ ಜಗಳಾ ತಗದ್ರ ಬಿಡಸಾಕ ಒಬ್ರು ಬೇಕಲ್ಲ ತಮ್ಮಾ?"

ಸೇಡಂನ ಮೈದಾನದಲ್ಲಿ ಆ ದಿನ ಅರ್ಧ ತಾಲೂಕು ಸೇರಿತ್ತು. ಕಡಲೆಕಾಯಿ ಮಾರುವವರು, ಬಲೂನಿನವರು, ಕುಲ್ಫಿಯ ತಳ್ಳುಗಾಡಿ. ಹೆಲಿಕಾಪ್ಟರ್ ನಾವೆಂದುಕೊಂಡದ್ದಕ್ಕಿಂತ ಸಣ್ಣದು, ನೀಲಿ ಬಣ್ಣದ್ದು. ಓಡಿಸುವವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ, ಉತ್ತರದ ಕಡೆಯವಳು, ಹಿಂದಿ ಮಾತ್ರ ಬರುತ್ತಿತ್ತು. ಅವಳನ್ನು ನೋಡಿದ್ದೇ ಕಾಕುವಿನ ಹೆದರಿಕೆ ಹೋಯಿತು. "ಹುಡುಗೀನೇ ನಡಸ್ತಾಳಂತ. ಮತ್ತೇನದ ಚಿಂತಿ?" ಎಂದು ಸೆರಗು ಬಿಗಿದರು.

ಹತ್ತುವ ಮೊದಲು ಎಲ್ಲರನ್ನೂ ತೂಕ ಮಾಡಬೇಕಿತ್ತು. ಯಾರು ಎಲ್ಲಿ ಕೂರಬೇಕೆಂಬುದನ್ನು ತೂಕ ನೋಡಿಯೇ ಹೇಳುತ್ತಾರಂತೆ. ಕಂಪನಿಯವರ ಕಾಟಾ ಮುಂಜಾನೆಯೇ ಕೆಟ್ಟಿತ್ತು. ಸೇಠ್ ತನ್ನ ಷಡ್ಡಕನ ತೊಗರಿ ಅಡತಿ ಅಂಗಡಿಯಿಂದ ದೊಡ್ಡ ಕಾಟಾ ತರಿಸಿದ್ದ, ಅದರ ಜೊತೆಗೆ ದಿನಾಲೂ ಅದರ ಮೇಲೆ ಚೀಲ ತೂಗುವ ಹಮಾಲನೂ ಬಂದಿದ್ದ. ಆತ ಒಬ್ಬೊಬ್ಬರನ್ನೂ ರಟ್ಟೆ ಹಿಡಿದು ಕಾಟಾದ ಮೇಲೆ ನಿಲ್ಲಿಸಿ, ತೂಕ ಕೂಗಿ, "ಚೀಲದ್ದು ಒಂದು ಕೆಜಿ ಕಳದೀನ್ರಿ" ಎಂದು ಸೇರಿಸುತ್ತಿದ್ದ. ಯಾವ ಚೀಲ ಎಂದು ಕಂಪನಿಯವನು ಕೇಳಿದರೆ, ಕಾಕು ಉಟ್ಟಿದ್ದ ಪತ್ತಲ ತೋರಿಸಿದ.

ತೂಕದ ಪ್ರಕಾರ ಪೈಲಟ್ ಪಕ್ಕದ ಮುಂದಿನ ಸೀಟು ಕಾಕುಗೆ ಬಂತು. ನಾನು, ಕಾಕಾ ಹಿಂದೆ.

ಅಷ್ಟರಲ್ಲಿ ಕಾಕಾ ಕಾಣೆಯಾಗಿದ್ದರು. ನೋಡಿದರೆ ಹೆಲಿಕಾಪ್ಟರಿನ ಸುತ್ತ ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದಾರೆ. ಬಾಲದ ತುದಿಯಲ್ಲಿ ಒಂದು ಸಣ್ಣ ಫ್ಯಾನಿನಂಥದು ಇತ್ತು. ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಪೈಲಟ್ ಹುಡುಗಿಯನ್ನು ಕರೆದು, ತಮ್ಮ ರೈಲ್ವೆ ಹಿಂದಿಯಲ್ಲಿ, ಇದು ತಿರುಗುವಾಗ ಕಣ್ಣಿಗೆ ಕಾಣುತ್ತದೆಯೇ ಎಂದು ಕೇಳಿದರು. ಇಲ್ಲ, ಅದಕ್ಕೇ ಯಾರೂ ಬಾಲದ ಕಡೆ ಹೋಗಬಾರದು ಎಂದಳು. ಹಾಗಾದರೆ ಆ ಕಡೆ ನೋಡುವವರು ಯಾರು ಎಂದು ಕೇಳಿದರು. ಇಲ್ಲಿ ನಮ್ಮ ಜನ ಇದ್ದಾರೆ, ಮೇಲೆ ಹೋದ ಮೇಲೆ ಯಾರೂ ಇಲ್ಲ ಅಂಕಲ್ ಎಂದು ನಕ್ಕಳು. ಅವರು ನಗಲಿಲ್ಲ.

"ಎಂಥಾ ಗಾಡಿ ಇದು!" ಎಂದು ನನ್ನ ಕಿವಿಯಲ್ಲಿ ಅಂದು, ಉಪ್ಪಿಟ್ಟಿನಲ್ಲಿ ಕೂದಲು ಕಂಡವರ ಹಾಗೆ ಮುಖ ಮಾಡಿ ಹತ್ತಿದರು.

ನಾವು ಎದ್ದೆವು. ಅದನ್ನು ಹಾರುವುದು ಅನ್ನಲಾರೆ; ಯಾರೋ ಜುಟ್ಟು ಹಿಡಿದು ಎತ್ತಿದಂತೆ ಎದ್ದೆವು. ಮೈದಾನ ಸಣ್ಣದಾಯಿತು. ಸೇಡಂ ಪೂರ್ತಿ ಮಾಳಿಗೆಗಳ ಊರಾಯಿತು, ಒಂದೊಂದು ಮಾಳಿಗೆಯ ಮೇಲೂ ಜನ ನಿಂತು ಕೈ ಬೀಸುತ್ತಿದ್ದರು. ಎಲ್ಲರ ಕಿವಿಗೂ ದೊಡ್ಡ ಹೆಡ್‌ಫೋನ್ ಹಾಕಿದ್ದರಿಂದ ಕಾಕು ಹೇಳಿದ್ದೆಲ್ಲ ನೇರ ತಲೆಯೊಳಗೆ ಕೇಳುತ್ತಿತ್ತು.

"ಅಯ್ಯ, ನಮ್ಮ ನೆಗೆಣ್ಣಿ ತಂಗಿ ಮನಿ ನೋಡ್ರಿ! ನೀರಿನ ಟಾಕಿ ಮುಚ್ಚಳಾ ತಗದೇ ಇಟ್ಟಾಳ! ಮಂಗ್ಯಾ ಬಿದ್ರ ಏನ್ ಗತಿ? ... ಏನ್ರಿ, ಕಾಗಿಣಾ ನೋಡ್ರಿ, ಪತ್ತಲದ ಅಂಚು ಬಿದ್ದಂಗ ಬಿದ್ದಾದ. ... ಸಿಮೆಂಟ್ ಫ್ಯಾಕ್ಟರಿ ನೋಡ್ರಿ, ಎಷ್ಟ್ ಸಣ್ಣದದ, ಇಷ್ಟಕ್ಕ ಇಷ್ಟ್ ಧೂಳ? ... ಏನ್ರಿ, ನೋಡಾಕತ್ತೀರೋ ಇಲ್ಲೋ?"

"ನೋಡಾಕತ್ತೀನಿ" ಎಂದರು ಕಾಕಾ.

ನಾನು ಪಕ್ಕಕ್ಕೆ ತಿರುಗಿದೆ. ಅವರು ಕುತ್ತಿಗೆಯನ್ನು ಹಿಂದಕ್ಕೆ ಹೊರಳಿಸಿ ನೋಡಿದ್ದರು. ಅಲ್ಲಿ ಗಾಜಿರಲಿಲ್ಲ, ತಗಡಿನ ಗೋಡೆ. ಮುಂದೆ ತಿರುಗಿದರೆ ಹೊಟ್ಟೆ ತೊಳಸುತ್ತದೆ. ಎರಡೂ ಬೇಡವೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಸೀಟಿನ ಅಂಚು ಹಿಡಿದು ಕೂತಿದ್ದರು.

ಮಳಖೇಡದ ಕೋಟೆಯ ಬುರುಜು ಕಂಡು ಕಾಕು "ಅಕ್ಕಕ್ಕಾ" ಎಂದ ಹೊತ್ತಿಗೆ ಮುಂದಿನ ಮೀಟರುಗಳ ಹಲಗೆಯಲ್ಲಿ ಒಂದು ಹಳದಿ ದೀಪ ಹತ್ತಿತು. ಹುಡುಗಿ ಅದನ್ನು ಬೆರಳಿನಿಂದ ಒಮ್ಮೆ ಬಡಿದಳು. ಆರಲಿಲ್ಲ. ಅವಳು ಬಹಳ ಸಮಾಧಾನದ ದನಿಯಲ್ಲಿ, ಸಣ್ಣ ತಪಾಸಣೆ ಇದೆ, ಕೆಳಗೆ ಇಳಿಸುತ್ತೇನೆ, ಯಾರೂ ಗಾಬರಿಯಾಗಬೇಡಿ, ರೆಕ್ಕೆ ಪೂರ್ತಿ ನಿಲ್ಲುವ ತನಕ ಯಾರೂ ಇಳಿಯಬೇಡಿ ಎಂದಳು. ನಾನು ಗಾಬರಿಯಾದೆ. ಕಾಕು, "ಚಾ ಕುಡ್ಯಾಕ ನಿಂದ್ರಸ್ತಾಳೇನು?" ಎಂದು ಕೇಳಿದರು.

ತೊಗರಿ ಕೊಯ್ದ ಹೊಲವೊಂದರಲ್ಲಿ ಇಳಿದೆವು. ಕೂಳೆ, ಧೂಳು, ಹೊಟ್ಟು ಎಲ್ಲ ಎದ್ದು ಹೊರಗೆ ಏನೂ ಕಾಣದಾಯಿತು. ಇಂಜಿನ್ ಇನ್ನೂ ತಿರುಗುತ್ತಿತ್ತು. ಅಷ್ಟರಲ್ಲಿ ಕಾಕಾ ಕಣ್ಣು ಬಿಟ್ಟರು. ಬೆಲ್ಟ್ ಬಿಚ್ಚಿದರು. ಕಾಕುವಿನ ಕೈಚೀಲದಿಂದ ರೊಟ್ಟಿ ಸುತ್ತಿದ್ದ ಕೆಂಪು ವಸ್ತ್ರ ಎಳೆದುಕೊಂಡರು. ಕಾಕು ಆ ಸವಾರಿಗೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಕಾಕಾ ಬಾಗಿಲು ತೆಗೆದು ಇಳಿದೇಬಿಟ್ಟರು. ಹುಡುಗಿ ಚೀರಿದಳು. ಅವರು ಬಗ್ಗಿಕೊಂಡು ಪಕ್ಕಕ್ಕೆ ದೂರ ಹೋಗಿ, ಬಾಲದಿಂದ ಬಹಳ ಅಂತರ ಬಿಟ್ಟು ದೊಡ್ಡ ಸುತ್ತು ಹಾಕಿ, ನಾವು ಬಂದ ದಿಕ್ಕಿಗೆ ನಡೆಯತೊಡಗಿದರು.

"ಎಲ್ಲಿ ಹೊಂಟ್ರು ಇವರು?" ಕಾಕು ತಲೆ ಚಚ್ಚಿಕೊಂಡರು.

ನನಗೆ ಆಗ ಹೊಳೆಯಿತು. ಗೂಡ್ಸ್ ಗಾಡಿ ನಡುದಾರಿಯಲ್ಲಿ ನಿಂತರೆ ಗಾರ್ಡ್ ಇಳಿದು, ಕೆಂಪು ಬಾವುಟ ಹಿಡಿದು, ಹಿಂದಕ್ಕೆ ನಡೆಯಬೇಕು; ಅದೇ ಹಳಿಯ ಮೇಲೆ ಬರುವ ಮತ್ತೊಂದು ಗಾಡಿಯನ್ನು ತಡೆಯಬೇಕು. ಕಾಕಾ ಹಿಂದಿನಿಂದ ಬರುವ ಹೆಲಿಕಾಪ್ಟರನ್ನು ತಡೆಯಲು ಹೋಗಿದ್ದರು. ಹಾಗೆಂದೇ ಕಾಕುಗೆ ಹೇಳಿದೆ.

"ಮತ್ತೊಂದು ಹೆಲಿಕಾಪ್ಟರ್ ಎಲ್ಲಿಂದ ಬರ್ತದ ತಮ್ಮಾ? ಮಾನಾ ಕಳದ್ರು!" ಎಂದು ಕಾಕು ಅಳುವ ಹಾಗಾದರು. ನನಗೆ ತಡೆಯಲಾರದ ನಗು ಬಂತು.

ಧೂಳು ತುಸು ಇಳಿದು, ಕಾಕಾ ತೆರೆದಿಟ್ಟ ಬಾಗಿಲಿನಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಾಗ ನನ್ನ ನಗು ನಿಂತಿತು. ಹೆಲಿಕಾಪ್ಟರ್ ಬರಲಿಲ್ಲ, ಊರು ಬಂತು. ಪಕ್ಕದ ಹಳ್ಳಿಯಿಂದ ಮೋಟರ್ ಸೈಕಲ್‌ಗಳು, ಒಂದು ಟ್ರ್ಯಾಕ್ಟರ್, ಕುಡುಗೋಲು ಹಿಡಿದ ಹೆಂಗಸರು, ಮಕ್ಕಳು, ಎಲ್ಲರೂ ನಮ್ಮ ಬೆನ್ನ ಕಡೆಯಿಂದ ಓಡಿ ಬರುತ್ತಿದ್ದರು. ನೇರ ಬಾಲದ ಕಡೆಗೆ. ಅದು ಇನ್ನೂ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು. ಹುಡುಗಿ ಕನ್ನಡಿಯಂಥದು ಏನಾದರೂ ಸಿಗುವುದೋ ಎಂಬಂತೆ ಅತ್ತಿತ್ತ ನೋಡಿದಳು. ಇಂಜಿನ್ ಆರಿಸಲು ಕೈ ಹಾಕಿದಳು.

ಜನಕ್ಕೂ ಬಾಲಕ್ಕೂ ನಡುವೆ ಒಬ್ಬರೇ ಕಾಕಾ. ಎರಡೂ ಕೈ ಅಗಲಿಸಿ, ಕೆಂಪು ವಸ್ತ್ರ ಬೀಸುತ್ತ, ಇಡೀ ಜನ್ಮದಲ್ಲಿ ಎತ್ತಿರದ ದನಿಯಲ್ಲಿ ಕೂಗುತ್ತಿದ್ದರು. "ನಿಂದರ್ರಿ! ಅಲ್ಲೇ ನಿಂದರ್ರಿ! ಒಂದ್ ಹೆಜ್ಜಿ ಮುಂದ ಬರಬ್ಯಾಡ್ರಿ!"

ಎಲ್ಲಕ್ಕೂ ಮುಂದಿದ್ದ ಮೋಟರ್ ಸೈಕಲ್ ಅವರ ಎದೆಗೆ ತಾಗಿ ನಿಂತಿತು. ಅವರು ಹಿಂದೆ ಸರಿಯಲಿಲ್ಲ. ಅದರ ಹಿಂದಿದ್ದವರೂ ನಿಂತರು.

"ಯಾ ಮಂತ್ರಿ ಬಂದಾರ್ರಿ?" ಎಂದು ಒಬ್ಬ ಕೇಳಿದ.

"ಯಾ ಮಂತ್ರಿನೂ ಇಲ್ಲ. ನಮ್ಮ ಮನ್ಯಾಕಿ ಬಂದಾಳ" ಎಂದರು ಕಾಕಾ. "ಹಿಂದ ಫ್ಯಾನ್ ತಿರಗಾಕತ್ತದ. ತೆಲಿ ಹೋಗ್ತಾವ. ನಿಂದರ್ರಿ."

ಇಂಜಿನ್ ಆರಿತು. ಏನೂ ಇಲ್ಲದಂತೆ ಕಾಣುತ್ತಿದ್ದ ಬಾಲದ ತುದಿಯಲ್ಲಿ ಮೊದಲು ಬಿಳಿ ಚಕ್ರದಂಥದು, ಆಮೇಲೆ ಎರಡು ಅಲಗು ಮೂಡಿ ಬಂದು ನಿಂತವು. ಒಬ್ಬ ತಾಯಿ ಮಗುವನ್ನು ಎಳೆದು ಅದರ ಬೆನ್ನಿಗೆ ಒಂದು ಗುದ್ದು ಕೊಟ್ಟು, ಆಮೇಲೆ ಎತ್ತಿಕೊಂಡಳು.

ಪೈಲಟ್ ಹುಡುಗಿ ಇಳಿದು ಅವರ ಹತ್ತಿರ ಬಂದಳು. ನೀವು ಇಳಿಯಬಾರದಿತ್ತು ಎಂದು ಶುರು ಮಾಡಿದವಳು ಅವರ ಕಾಲಿಗೆ ಬಗ್ಗಿದಳು. ಕಾಕಾ ಮುಜುಗರದಿಂದ ಸರಿದು, "ಮುಂದ ನೋಡೋದು ನಿಂದು ಬೇಟಿ. ಹಿಂದಿಂದು ನಮ್ದು" ಎಂದು ಕನ್ನಡದಲ್ಲೇ ಅಂದರು. ಅವಳು ತಿಳಿದವಳಂತೆ ತಲೆ ಆಡಿಸಿದಳು.

ಮೆಕ್ಯಾನಿಕ್ ಸೇಡಂನಿಂದ ಜೀಪಿನಲ್ಲಿ ಬರುವ ತನಕ ನಾವು ಆ ಹೊಲದಲ್ಲಿ ಕೂತೆವು. ಎಲ್ಲಿಂದಲೋ ಒಂದು ಹೊರಸು ಬಂತು, ಅದರ ಮೇಲೆ ಕಾಕುವನ್ನು ಕೂರಿಸಿದರು. ಹೆಲಿಕಾಪ್ಟರಿನ ಮುಂದಿನ ಸೀಟಿನಿಂದ ಇಳಿದವಳು ಸಣ್ಣ ಹೆಂಗಸಿರಲಾರಳು ಎಂದು ಹಳ್ಳಿ ತೀರ್ಮಾನಿಸಿತ್ತು. ಕಾಕು ಪೈಲಟ್ ಹುಡುಗಿಗೆ ರೊಟ್ಟಿ, ಹಿಂಡಿ ಕೊಟ್ಟು ಉಣಿಸುತ್ತಿದ್ದಾಗ ಒಬ್ಬ ಮುದುಕ ಮುಂದೆ ಬಂದು ಕೈ ಮುಗಿದ.

"ತಾಯಿ, ಮುಂಜಾನಿ ಬಸ್ಸು ನಮ್ಮೂರಿಗಿ ನಿಂದ್ರಂಗಿಲ್ರಿ. ಸಾಲಿ ಹುಡುಗ್ಯಾರು ನಡಕೋತ ಹೋಗ್ತಾರ."

ಕಾಕು ರೊಟ್ಟಿ ಮುರಿಯುತ್ತ, "ನಿಂದ್ರಸ್ತೀನಿ" ಅಂದರು.

"ಏ, ನೀ ಹ್ಯಾಂಗ ನಿಂದ್ರಸ್ತಿ?" ಕಾಕಾ ಬೆರಗಾದರು.

"ನೀವು ಈಗ ಊರಿಗೂರೇ ನಿಂದ್ರಸ್ಲಿಲ್ಲೇನು? ನಾ ಒಂದ್ ಬಸ್ ನಿಂದ್ರಸಂಗಿಲ್ಲಾ?"

ಮುಂದಿನ ವಾರ ಅವರು ನಿಜವಾಗಿಯೂ ಬಸ್ ಡಿಪೊಕ್ಕೆ ಹೋದರು. ನೀವು ಯಾರು ಎಂದು ಅಲ್ಲಿಯ ಅಧಿಕಾರಿ ಕೇಳಿದರೆ, "ಹೆಲಿಕಾಪ್ಟರ್‌ನ್ಯಾಗ ಬಂದಿದ್ದೆನಲ್ಲ, ಅಕಿ" ಎಂದರಂತೆ. ಆತನಿಗೆ ಏನು ತಿಳಿಯಿತೋ ಗೊತ್ತಿಲ್ಲ. ಬಸ್ಸು ನಿಲ್ಲತೊಡಗಿತು.

ಅಂದು ಹೆಲಿಕಾಪ್ಟರಿನಲ್ಲಿ ಒಂದು ತಂತಿ ಸಡಿಲಾಗಿತ್ತಂತೆ. ಮೆಕ್ಯಾನಿಕ್ ಸರಿ ಮಾಡಿದ ಮೇಲೆ ಹುಡುಗಿ ಒಬ್ಬಳೇ ಎದ್ದು ಒಂದು ಸುತ್ತು ಹಾಕಿ ಇಳಿದಳು. ದೀಪ ಹತ್ತಲಿಲ್ಲ. ಬನ್ನಿ, ಸೇಡಂಗೆ ಬಿಡುತ್ತೇನೆ ಎಂದಳು. ಕಾಕಾ ಒಲ್ಲೆ ಎಂದು ತಲೆ ಆಡಿಸಿದರು. ನಾನೂ ಟ್ರ್ಯಾಕ್ಟರ್ ಸಾಕು ಎಂದೆ. ಇನ್ನು ಕಾಕುವೂ ಟ್ರ್ಯಾಕ್ಟರ್ ಹತ್ತುತ್ತಾರೆ ಎಂದುಕೊಂಡರೆ, ಅವರು ಕೈಚೀಲ ನನ್ನ ಕೈಗೆ ಕೊಟ್ಟು, ಗಂಡನ ಮುಖ ನೋಡಿದರು.

"ನಾ ಹೋಗ್ಲೇನ್ರಿ?"

ಅಷ್ಟು ವರ್ಷದಲ್ಲಿ ಅವರು ಎಲ್ಲಿಗಾದರೂ ಒಬ್ಬರೇ ಹೋದದ್ದು ನಾನು ನೋಡಿರಲಿಲ್ಲ. ಕಾಕಾ ತಾವೇ ಮುಂದಿನ ಬಾಗಿಲು ತೆಗೆದು, ಹೆಂಡತಿಯ ಸೆರಗು ಒಳಗೆ ಸರಿಸಿ, ಬಾಗಿಲು ಹಾಕಿದರು. ಜನರನ್ನೆಲ್ಲ ಹಿಂದಕ್ಕೆ ಕಳಿಸಿ, ದೂರ ನಿಂತು ಎಡಕ್ಕೆ ಬಗ್ಗಿ ನೋಡಿದರು, ಬಲಕ್ಕೆ ಬಗ್ಗಿ ನೋಡಿದರು. ರೆಕ್ಕೆ ತಿರುಗುತ್ತಿದ್ದರೂ ಹುಡುಗಿ ಎಬ್ಬಿಸಲಿಲ್ಲ. ಗಾಜಿನೊಳಗಿಂದ ಅವರನ್ನೇ ನೋಡುತ್ತಿದ್ದಳು. ಅವರು ಕೈ ಎತ್ತಿದರು. ಹೆಲಿಕಾಪ್ಟರ್ ಎದ್ದಿತು.

ಟ್ರ್ಯಾಕ್ಟರಿನಲ್ಲಿ ಬರುವಾಗ ಅವರು ನನಗೆ ಮೆಲ್ಲಗೆ ಹೇಳಿದರು. "ಖರೇ ಹೇಳ್ಬೇಕಂದ್ರ ಮಾಸ್ತರ್, ಮ್ಯಾಲ ಹೋದಾಗ ನಾ ಏನೂ ನೋಡಿಲ್ಲ."

"ನನಗ ಗೊತ್ತದ ಕಾಕಾ. ಈಗ ಹತ್ತಿದ್ರ ನೋಡಬಹುದಿತ್ತಲ್ಲ?"

"ಅಕಿ ನೋಡ್ತಾಳಲ್ಲ" ಅಂದರು. "ಬಂದು ಹೇಳ್ತಾಳ."

ಕಾಕು ಹೇಳಿದರು. ಅಂದು ಮೈದಾನದಿಂದ ವಾಡಿಯವರೆಗೆ ಹೇಳಿದರು, ಮರುದಿನ ಗಲ್ಲಿಗೆ ಹೇಳಿದರು, ಮಗಳು ಕೂಸಿನೊಡನೆ ಬಂದಾಗ ಹೇಳಿದರು. ಒಬ್ಬರೇ ಹೋದ ಆ ಸವಾರಿ ಹೇಳಿದ ಹಾಗೆಲ್ಲ ಉದ್ದವಾಯಿತು. ಮೊದಲು ಕೋಟೆ, ನದಿ ಇತ್ತು. ಆಮೇಲೆ ಚಿಂಚೋಳಿಯ ಕಾಡು ಕಂಡಿತು. ವರ್ಷ ತಿರುಗುವುದರೊಳಗೆ ಹೈದರಾಬಾದಿನ ದೀಪಗಳು ಕಂಡವು, ಅದೂ ಹಾಡುಹಗಲಿನಲ್ಲಿ.

ನಾನು ಚಿಂಚೋಳಿಗೆ ವರ್ಗವಾಗಿ ಹೋದ ಮೇಲೆ ಕಾಕಾ ಹಾಸಿಗೆ ಹಿಡಿದರೆಂದು ಕೇಳಿ ನೋಡಲು ಬಂದೆ. ಅದೇ ಕೊನೆಯ ಭೇಟಿ. ಬಹಳ ಬಡಕಲಾಗಿದ್ದರು. ಕಾಕು ಮಂಚದ ಪಕ್ಕ ಕೂತು ಅಂಬಲಿ ಆರಿಸುತ್ತ ಆ ಸವಾರಿಯ ಕತೆಯನ್ನೇ ಹೇಳುತ್ತಿದ್ದರು. ನನ್ನನ್ನು ನೋಡಿಯೂ ಕತೆ ನಿಲ್ಲಿಸಲಿಲ್ಲ. ಹುಡುಗಿ ಇನ್ನೂ ಮೇಲಕ್ಕೆ ಎತ್ತಿದಳಂತೆ, ಮೋಡ ಕೆಳಗೆ ಬಿತ್ತಂತೆ, ಅದರಾಚೆ ಸಮುದ್ರ ಕಂಡಿತಂತೆ.

ಸೇಡಂನಿಂದ ಸಮುದ್ರ ಎಷ್ಟು ದೂರ ಎಂಬುದು ಮೂವರಿಗೂ ಗೊತ್ತಿತ್ತು. ಕಾಕಾ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಕಾಕು ಒಂದು ಚಮಚ ಅಂಬಲಿ ಕುಡಿಸಿ, ಸೆರಗಿನಿಂದ ಬಾಯಿ ಒರೆಸಿದರು.

"ನೀರು ಯಾ ಬಣ್ಣ ಇತ್ತು?" ಎಂದು ಕಾಕಾ ಕೇಳಿದರು.